ಕರಪತ್ರದ ಬುಟ್ಟಿ

ಆಡಿಗೂ ನನಗೂ ಪೈಪೋಟಿ ಎಂದರೆ ನಗುತ್ತೀರಿ. ಆದರೆ ಗೋಡೆಗೆ ಪೋಸ್ಟರ್ ಅಂಟಿಸುವ ಹಿಟ್ಟಿನ ಅಂಟು ಆಡಿಗೆ ಬಲು ಇಷ್ಟ. ನೆಲೋಗಿಯಲ್ಲಿ ಒಮ್ಮೆ ಒಂದು ಹೋತ ನನ್ನ ಕಣ್ಣೆದುರೇ ಅರ್ಧ ಘೋಷಣೆ ಮೆದ್ದುಬಿಟ್ಟಿತು. ಉಳಿದರ್ಧ ನನ್ನ ಟ್ರಂಕ್ ಸೇರಿತು.

ಅದೇ ನನ್ನ ಹುಚ್ಚು. ಕರಪತ್ರ, ಪೋಸ್ಟರ್, ಕಾಗದದ ಬಾವುಟ, ಯಾರದ್ದಾದರೂ ಸರಿ. ನಿಜಾಮರ ಸರ್ಕಾರದ್ದೂ ಬೇಕು, ಅದಕ್ಕೆ ಎದುರು ನಿಂತ ಚಳವಳಿಯವರದ್ದೂ ಬೇಕು. (ಹೆಂಡತಿ ನೀಲಮ್ಮ ಎಲ್ಲವನ್ನೂ ರದ್ದಿ ಎನ್ನುತ್ತಾಳೆ.)

ಈಗ ಆ ಸರ್ಕಾರ ಹೋಯಿತು. ಹೋದ ತಿಂಗಳು ಆಳಂದದಿಂದ ಖಾದರ್ ಬಂದ. ಸಣ್ಣ ಪ್ರೆಸ್ ಇಟ್ಟುಕೊಂಡ ಹಳೆಯ ಗೆಳೆಯ. (ಹೆಸರು ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ.) ನೀರು ಕೊಟ್ಟರೆ ಮುಟ್ಟಲಿಲ್ಲ.

"ಮಾಸ್ತರ, ನಿಮ್ಮ ಟ್ರಂಕಿನಾಗ ನನ್ನ ಕುತ್ತಿಗಿ ಅದರಿ," ಅಂದ.

ಸರ್ಕಾರದ ಕರಪತ್ರಗಳು ಅಚ್ಚಾಗುತ್ತಿದ್ದದ್ದು ಅವನಲ್ಲೇ. ಪ್ರತಿಯೊಂದರ ಅಡಿಯಲ್ಲೂ ಪ್ರೆಸ್ಸಿನ ಹೆಸರು. ಒಲ್ಲೆ ಎನ್ನುವ ಧೈರ್ಯ ಆಗ ಯಾರಿಗಿತ್ತು? ಈಗ ಅಂಥ ಕಾಗದ ಹಿಡಿದು "ನೀನು ಯಾರ ಕಡೆಯವನು" ಎಂದು ಕೇಳುವವರು ಊರೂರಿಗೆ ಹುಟ್ಟಿದ್ದಾರೆ. ಒಬ್ಬನಂತೂ ಪ್ರೆಸ್ಸಿಗೆ ಬೀಗ ಹಾಕಿಸುತ್ತೇನೆಂದು ಹೇಳಿ ಹೋಗಿದ್ದನಂತೆ.

ಆದರೆ ಚಳವಳಿಯವರ ಕರಪತ್ರಗಳನ್ನು ಕದ್ದುಮುಚ್ಚಿ ಅಚ್ಚು ಹಾಕಿಕೊಟ್ಟವನೂ ಇದೇ ಖಾದರ್. ನನಗೆ ತಂದುಕೊಟ್ಟವನೂ ಅವನೇ. "ಅವನ್ನು ತೋರಿಸೋಣ ಬಾ," ಎಂದೆ.

"ಅವಕ್ಕ ಪ್ರೆಸ್ಸಿನ ಹೆಸರೇ ಹಾಕಿಲ್ಲಲ್ರಿ. ಯಾರು ನಂಬ್ತಾರ? ಸುಟ್ಟು ಬಿಡ್ರಿ."

ಚೋದ್ಯ ನೋಡಿ. ಅಂಜಿ ಮಾಡಿದ ಕೆಲಸಕ್ಕೆ ಹೆಸರಿದೆ, ಎದೆಗಾರಿಕೆಯ ಕೆಲಸಕ್ಕೆ ಹೆಸರಿಲ್ಲ.

ಸುಡಲು ನನಗೆ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ? ಆದರೂ ಕಡ್ಡಿಪೆಟ್ಟಿಗೆ ತೆಗೆದೆ. ನೀಲಮ್ಮ ಕಸಿದುಕೊಂಡಳು.

"ಹೊಗಿ ಎದ್ರ ಓಣಿಯವರು ಕೇಳಂಗಿಲ್ಲೇನು? ನೆನಿ ಇಡ್ರಿ. ನನಗ ರೊಟ್ಟಿಗೆ ಒಂದು ಬುಟ್ಟಿ ಬೇಕಾಗ್ಯದ."

ನಮ್ಮ ಕಡೆ ರದ್ದಿ ಕಾಗದ ನೆನೆಸಿ, ಮೆಂತ್ಯ ಸೇರಿಸಿ ಕುಟ್ಟಿ, ಬೋರಲು ಹಾಕಿದ ಕೊಡಕ್ಕೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಾರೆ. ಸರ್ಕಾರದ ಕರಪತ್ರಗಳನ್ನೆಲ್ಲ ನೆನೆಹಾಕಿದೆವು. ಖಾದರನೂ ಕುಟ್ಟಲು ಕೂತ.

"ಇಷ್ಟಕ್ಕ ಬುಟ್ಟಿ ಆಗಂಗಿಲ್ಲ," ಎಂದಳು ನೀಲಮ್ಮ.

ಟ್ರಂಕಿನಲ್ಲಿ ಉಳಿದದ್ದು ಚಳವಳಿಯವರ ಕರಪತ್ರಗಳು. ಅವನ್ನು ತೋರಿಸಿ ನಾನೂ ದೇಶಭಕ್ತನೆಂದು ನಾಲ್ಕು ಜನರೆದುರು ಮೆರೆಯಬಹುದಿತ್ತು. ಅಚ್ಚು ಹಾಕಿದವನಿಗೇ ಮೆರೆಯುವ ಭಾಗ್ಯ ಇಲ್ಲದ ಮೇಲೆ ನನ್ನದೇನು? ಅವನ್ನೂ ನೀರಿಗೆ ಹಾಕಿದೆ.

ನಿನ್ನೆ ಖಾದರ್ ಮತ್ತೆ ಬಂದಿದ್ದ. ಪ್ರೆಸ್ ನಡೆದಿದೆ, ಮದುವೆ ಕಾರ್ಡಿನ ಕೆಲಸ ಕೈತುಂಬ. ಈ ಸಲ ನೀರು ಕುಡಿದ, ಊಟಕ್ಕೂ ಕೂತ. ಬುಟ್ಟಿ ಎತ್ತಿ ಅದರ ಅಡಿ ನೋಡಿದ. (ಪ್ರೆಸ್ಸಿನವರ ಚಟ. ಏನು ಕೊಟ್ಟರೂ ಅಡಿಯಲ್ಲಿ ಹೆಸರು ಹುಡುಕುತ್ತಾರೆ.)

"ಅಕ್ಕಾರ, ಯಾರ ಹೆಸರೂ ಇಲ್ಲಲ್ರಿ," ಎಂದು ನಕ್ಕ. ಅವನು ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತೋ.

ನನ್ನ ಟ್ರಂಕ್ ಖಾಲಿ. ಇರಲಿ, ಮುಂದೆ ಚುನಾವಣೆ ಬರುತ್ತದಂತೆ. ಗೋಡೆಗಳೂ ಇವೆ, ಆಡುಗಳೂ ಇವೆ.

"ಯಾರ ಕಡೆಯವನು" ಎಂದು ಕೇಳುವವರು ನಮ್ಮ ಮನೆಗೂ ಬರಲಿ. ಆ ಬುಟ್ಟಿಯಿಂದ ಒಂದು ರೊಟ್ಟಿ ತಿಂದು, ಅದು ಯಾರ ಕಡೆಯದೆಂದು ಮೊದಲು ಹೇಳಲಿ ನೋಡೋಣ.