ನಾನು ಬದಲಾಯಿಸಿದ ಮೊನೆ

ಅದು 2023ರ ಜೂನ್. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ, ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ದುಡಿಯುತ್ತಿದ್ದೆ. ಚಿನ್ನದ ತಂತಿಯನ್ನು ಆಸಿಡ್‌ನಲ್ಲಿ ಕರಗಿಸಿ, ಕಣ್ಣಿಗೆ ಕಾಣದಷ್ಟು ಚೂಪಾದ ಮೊನೆ ಮಾಡುವುದು ನನ್ನ ಕೆಲಸ. ಆ ಮೊನೆಗೆ ಲೇಸರ್ ಬೆಳಕು ಬಿಟ್ಟು ಲೋಹದ ಮೇಲೆ ಆಡಿಸಿದರೆ, ಅಲ್ಲಿ ಅಂಟಿದ ಅಣುಗಳು ಬದಲಾಗಿವೆಯೋ ಇಲ್ಲವೋ ಎಂಬ ಚಿತ್ರ ಕಂಪ್ಯೂಟರ್‌ನಲ್ಲಿ ಮೂಡುತ್ತದೆ. ಹತ್ತು ಮೊನೆ ಮಾಡಿದರೆ ಒಂದು ನೆಟ್ಟಗಾಗುತ್ತಿತ್ತು. ಆ ಒಂದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆವು.

ಚಂದಕವಾಡಿಯ ಮಾದೇವಣ್ಣ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅಣುಗಳನ್ನು ಬದಲಾಯಿಸುವುದು ಪಲ್ಲಾಡಿಯಂ ಲೋಹವೇ ಎಂದು ತೋರಿಸುವುದು ಅವರ ಪ್ರಬಂಧದ ಜೀವಾಳ. ಬರಿ ಚಿನ್ನದ ತಗಡಿನ ಮೇಲೆ ಏನೂ ಆಗಲಿಲ್ಲ, ಪಲ್ಲಾಡಿಯಂ ಮೇಲೆ ಆಯಿತು. ಅವತ್ತು ಎಲ್ಲರಿಗೂ ಟೀ, ಬೋಂಡ ಕೊಡಿಸಿದರು.

ಆದರೆ ಆ ಎರಡು ಚಿತ್ರಗಳ ನಡುವೆ ನಾನು ಮೊನೆ ಬದಲಾಯಿಸಿದ್ದೆ. ಚಿನ್ನಕ್ಕೆ ಬಳಸಿದ್ದು ಮೊಂಡು, ಪಲ್ಲಾಡಿಯಂಗೆ ಬಳಸಿದ್ದು ಬಲು ಚೂಪು. ಮೊನೆ ಚೂಪಾದಷ್ಟೂ ಬೆಳಕನ್ನು ಹೆಚ್ಚು ಹಿಡಿಯುತ್ತದೆ. ಚೂಪಾದದ್ದರಲ್ಲೇ ಚಿನ್ನವನ್ನೂ ಇನ್ನೊಮ್ಮೆ ನೋಡಿ ಎನ್ನಬೇಕಿತ್ತು. ಮೊನೆ ಹಾಳಾದೀತು, ಅವರ ಸಂತೋಷವೂ ಹಾಳಾದೀತು ಎಂದು ಬೋಂಡ ತಿಂದು ಸುಮ್ಮನಾದೆ.

ಮರುವರ್ಷ, ಪ್ರಬಂಧ ಒಪ್ಪಿಸಲು ಹತ್ತೇ ದಿನ ಇದ್ದಾಗ, ಅಂಥದ್ದೇ ಒಂದು ಒಳ್ಳೆಯ ಮೊನೆ ಬಂತು. ಮನಸ್ಸು ತಡೆಯದೆ ಬರಿ ಚಿನ್ನದ ತಗಡನ್ನು ಅದರಲ್ಲಿ ನೋಡಿದೆ. ಅಣುಗಳು ಅಲ್ಲೂ ಬದಲಾಗಿದ್ದವು. ಪಲ್ಲಾಡಿಯಂ ಇಲ್ಲದೆಯೇ, ಬೆಳಕು ಹಿಡಿದ ನಮ್ಮ ಮೊನೆಯೇ ಆ ಕೆಲಸ ಮಾಡಿತ್ತು.

ಮಾದೇವಣ್ಣನನ್ನು ಕರೆದು ತೋರಿಸಿದೆ. ಪರದೆಗೆ ಬಗ್ಗಿ ನೋಡಿದರು.

"ಇನ್ನೊಂದ್ಸಲ ಓಡ್ಸಮ್ಮಿ" ಎಂದರು.

ಮೂರು ಸಲ ಓಡಿಸಿದೆ. ಮೂರು ಸಲವೂ ಅದೇ ಚಿತ್ರ.

ನನಗೆ ಅಳು ಬಂತು. "ಓದ್ ವರ್ಸ ನಾನು ಮೊನೆ ಬದ್ಲಾಯ್ಸಿದ್ದೆ ಅಣ್ಣ. ಆಗ್ಲೇ ಅನ್ಮಾನ ಇತ್ತು. ನಿಮ್ಗೆ ಏಳ್ನಿಲ್ಲ" ಎಂದೆ.

"ಮೊನೆ ಬದ್ಲಾಯ್ಸಿದ್ನ ಲ್ಯಾಬ್ ಬುಕ್ಕಲ್ಲಿ ಬರ್ದಿದ್ದೆ ಕಣಮ್ಮಿ ನೀನು" ಎಂದರು ಮಾದೇವಣ್ಣ. "ನಾನೂ ಅವತ್ತೇ ಓದ್ದೆ. ಓದ್ಬುಟ್ಟು ಸುಮ್ಕಾದೆ."

ಮಾರನೇ ದಿನ ಅವರೇ ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದರು. ಪ್ರಬಂಧ ಒಪ್ಪಿಸಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಲು ಅವರ ಅವಧಿ ಉಳಿದಿರಲಿಲ್ಲ. ಈಗ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದಾರೆ.

ಒಮ್ಮೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ಮನೆಯವರನ್ನೆಲ್ಲ ವಿಚಾರಿಸುತ್ತಾರೆ, ಕೆಲಸದ ಮಾತು ಎತ್ತುವುದಿಲ್ಲ. ಅವತ್ತು ನಮ್ಮಿಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ ಅವರ ಕೈಯಲ್ಲಿ ಪೂರಾ ಒಂದು ವರ್ಷ ಇರುತ್ತಿತ್ತು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.