ಅಚ್ಚು ಅಲುಗಿದ ರೂಪಾಯಿ

ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ನ್ಯಾಮತಿ ಬಸ್ ನಿಲ್ದಾಣದ ಎದುರು, ಹೂವಿನಂಗಡಿಯ ಬಲಗಡೆ ನಿಂತಿದ್ದೆ. ಯಾರೋ ಬೈಕಿನ ಪೆಟ್ರೋಲ್ ಪೈಪು ಬಿಚ್ಚಿದ್ದರು. ಆ ವಾಸನೆಗೆ, ಹಿಂದೆ ಅಲ್ಲೇ ಅಂಗಡಿ ಇಟ್ಟಿದ್ದ ಗಡಿಯಾರ ರಿಪೇರಿಯ ಚಾಚಾ ನೆನಪಾದರು. ಗಡಿಯಾರದ ಚಕ್ರಗಳನ್ನು ಅವರು ಪೆಟ್ರೋಲಿನಲ್ಲೇ ತೊಳೆಯುತ್ತಿದ್ದರು...

ಹಳೆ ನಾಣ್ಯ ಕೂಡಿಡುವ ನಮ್ಮಂಥವರಿಗೆ ಅವರ ಮಾತೇ ಕೊನೆ. ಅಕ್ಷರ ಎರಡೆರಡಾಗಿ ಕಾಣುವ ನಾಣ್ಯ ಕೊಟ್ಟರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡುತ್ತಿದ್ದರು. ಅಚ್ಚಿನಲ್ಲೇ ಅಕ್ಷರ ಎರಡು ಬಾರಿ ಮೂಡಿದ್ದರೆ ಎರಡನೆಯದೂ ದುಂಡಗೆ ಉಬ್ಬಿರುತ್ತದೆ, ಅಕ್ಷರ ದಪ್ಪವಾಗುತ್ತದೆ, ಅದು ಅಪರೂಪ. ನಾಣ್ಯ ಹೊಡೆಯುವಾಗ ಅಚ್ಚು ಅಲುಗಿದ್ದರೆ ಅಕ್ಷರದ ಅಂಚು ಜಜ್ಜಿ ಚಪ್ಪಟೆ ಮೆಟ್ಟಿಲಿನಂತಾಗುತ್ತದೆ, ಅಕ್ಷರ ಸಣಕಲಾಗುತ್ತದೆ, ಅದಕ್ಕೆ ಬೆಲೆಯಿಲ್ಲ. ಚಾಚಾ ಇದನ್ನು ಬೆಳಗಿನ ಬಿಸಿಲಿನಲ್ಲಿ, ನಾಣ್ಯ ತಿರುಗಿಸುತ್ತಾ ಮಾತ್ರ ನೋಡುತ್ತಿದ್ದರು. ಟ್ಯೂಬ್‌ಲೈಟಿಗೆ ಚಪ್ಪಟೆಯೂ ಉಬ್ಬಿದಂತೆ ಕಾಣುತ್ತದೆ ಎನ್ನುತ್ತಿದ್ದರು.

ಒಂದು ಸಂಜೆ ಹೊನ್ನಾಳಿ ಬಸ್ಸಿನ ಅವಸರದಲ್ಲಿ, ಅಕ್ಷರ ಎರಡಾಗಿ ಕಾಣುವ ಒಂದು ರೂಪಾಯಿಯ ನಾಣ್ಯ ಅವರ ಮುಂದಿಟ್ಟೆ.

"ಬೆಳಿಗ್ಗೆ ಬರ್ರಿ ಮೇಷ್ಟ್ರೆ."

"ಈಗ್ಲೇ ಹೇಳ್ರಿ ಚಾಚಾ, ಬಸ್ ಹೊಂಟೈತೆ."

ನನಗಾಗಿ ಟ್ಯೂಬ್‌ಲೈಟಿನ ಕೆಳಗೆ ನೋಡಿದರು. "ಅಚ್ಚಿನಾಗೇ ಮೂಡಿದ್ದು, ಅಸಲಿ ಐತೆ" ಎಂದರು.

ಆ ಮಾತು ನಂಬಿ ಚನ್ನಗಿರಿಯ ಸಂಗ್ರಾಹಕರೊಬ್ಬರು ಅದನ್ನು ಕೊಳ್ಳಲು ಭಾನುವಾರ ಬೆಳಿಗ್ಗೆ ಚಾಚಾ ಅಂಗಡಿಗೇ ಬಂದರು; ನಾನೂ ನಾಣ್ಯ ಹಿಡಿದು ಹೋಗಿದ್ದೆ. "ನೀವು ನೋಡಿದ ಮೇಲೆ ನಾನೇನ್ರಿ ನೋಡೋದು" ಎಂದು ಜೇಬಿಗೆ ಕೈ ಹಾಕಿದರು. ಚಾಚಾ ತಡೆದು, ನಾಣ್ಯವನ್ನು ಬಿಸಿಲಿಗೆ ಹಿಡಿದರು. ತಿರುಗಿಸಿದರು. ಇನ್ನೊಮ್ಮೆ...

"ಏನ್ ಚಾಚಾ, ಹೆಣ್ಣು ನೋಡಾಕೆ ಬಂದೋರ ಹಂಗೆ ನೋಡ್ತೀರಿ?" ಎಂದು ಪಕ್ಕದ ಹೂವಿನಮ್ಮ ನಕ್ಕರು.

ಚಾಚಾ ನಗಲಿಲ್ಲ. "ಇದು ಅಚ್ಚು ಅಲುಗಿದ್ದು. ಮೊನ್ನೆ ನಾನು ತಪ್ಪು ಹೇಳಿದೆ."

ಅವಸರ ಮಾಡಿದವನು ನಾನು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. "ವಯಸ್ಸಾತಲ್ಲ, ಕಣ್ಣು ಮಂಜಾಗ್ಯಾವೆ" ಎಂದು ಬಂದವರು ಹೊರಟರು. ಆ ಮಾತು ಊರೂರು ತಿರುಗಿತು. ಚಾಚಾ ಬಳಿ ನಾಣ್ಯ ತರುವವರು ಕಡಿಮೆಯಾದರು, ಕೊನೆಗೆ ಇಲ್ಲವಾದರು. ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ. ಹೋದಾಗಲೆಲ್ಲ ಸ್ಟೂಲು ಒರೆಸಿ ಕೂರಿಸಿ, ಚಹಾ ತರಿಸುತ್ತಿದ್ದರು.

ಈಗ ಅಲ್ಲಿ ಮೊಬೈಲ್ ಅಂಗಡಿ. ಚಾಚಾ ತೀರಿಕೊಂಡು ನಾಲ್ಕು ವರ್ಷವಾಯಿತು, ಚನ್ನಗಿರಿಯವರೂ ಇಲ್ಲ. ನಾಣ್ಯ ನನ್ನ ಜೇಬಿನಲ್ಲಿತ್ತು. ಬಿಸಿಲಿಗೆ ಹಿಡಿದು ತಿರುಗಿಸಿದೆ. ಚಪ್ಪಟೆ ಮೆಟ್ಟಿಲು ಬರಿಗಣ್ಣಿಗೇ ಕಂಡಿತು...

ಆ ಭಾನುವಾರ ಕಂಡವರಲ್ಲಿ ನನ್ನ ಹೊರತು ಬದುಕಿರುವವರು ಹೂವಿನಮ್ಮ ಒಬ್ಬರೇ. ತಪ್ಪು ಚಾಚಾ ಅವರದಲ್ಲ, ಅವಸರ ಮಾಡಿದ್ದು ನಾನು ಎಂದು ಅವರಿಗೆ ಹೇಳಿದೆ.

ಅವರು ಮಾಲೆಯಿಂದ ತಲೆ ಎತ್ತಲಿಲ್ಲ. "ಗೊತ್ತೈತ್ರಿ ಮೇಷ್ಟ್ರೆ. ಆ ಸಂಜೀನೂ ನಾನು ಇಲ್ಲೇ ಕುಂತಿದ್ದೆ."