ಹದಿನೇಳು ನಿಮಿಷದ ಸಮ
ಧಾರವಾಡದಲ್ಲಿ ಗಣಿತ ಕಲಿಸುತ್ತ, ಹಳೆಯ ಪೆಂಟಿಯಂ ಕಂಪ್ಯೂಟರಿನಲ್ಲಿ ಸಂಗೀತ ಹೆಣೆಯುವ ಪ್ರಾಣಿಯೊಂದಿದೆ; ಅದು ನಾನೇ. ಏಳು, ಹನ್ನೊಂದು, ಹದಿಮೂರು ಮಾತ್ರೆಗಳ ಮೂರು ಧುನ್‌ಗಳನ್ನು ಒಟ್ಟಿಗೆ ಹರಿಯಬಿಡುತ್ತೇನೆ. ಮೂರೂ ಮತ್ತೆ ಒಂದೇ ಪೆಟ್ಟಿನಲ್ಲಿ, ಅಂದರೆ ಸಮದಲ್ಲಿ, ಬಂದು ಸೇರಲು ಹದಿನೇಳು ನಿಮಿಷ ಬೇಕು. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಇದನ್ನೇ ಬಡಿಸಿ, ಅವಿಭಾಜ್ಯ ಸಂಖ್ಯೆಗಳ ಮಹಿಮೆ ಕೊರೆಯುತ್ತೇನೆ. ಸಮದ ತನಕ ಯಾರೂ ಕೂತವರಿಲ್ಲ. ತ್ರ್ಯಂಬಕ ಕಾಕಾ ಐದು ನಿಮಿಷ ಕಣ್ಣು ಮುಚ್ಚಿ ಕೇಳಿ, “ತಂಬೂರಿ ಖರೇನ ಛಲೋ ಕೂಡೇದ. ಹಾಡೋರು ಯಾವಾಗ ಬರ್ತಾರ?” ಅಂದರು. ನಾನು ಅವರಿಗೆ ವಿವರಿಸುತ್ತಲೇ ಇದ್ದೆ. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ, ಲೆಕ್ಕದಲ್ಲಿ ಎರಡು ಸಲ ನಪಾಸಾದ ನನ್ನವ್ವ ತಟ್ಟನೆ ತೊಡೆ ತಟ್ಟಿದಳು: “ಸಮ ಬಂತು ನೋಡೋ. ಮಾತಾಡಿಕೋತ ನೀನ ತಪ್ಪಿಸಿಕೊಂಡಿ.”